ಅರ್ಧ ಸದ್ದು

ಲಾರಿಗಳು ನಿಂತ ಮೇಲೂ ಇಳಿಜಾರು ರಸ್ತೆಯ ಜನ ಒಂದಷ್ಟು ದಿನ ಕಿರುಚಿಕೊಂಡೇ ಮಾತಾಡುತ್ತಿದ್ದರು. ವರ್ಷಗಟ್ಟಲೆಯ ಅಭ್ಯಾಸ, ಗಂಟಲು ಒಮ್ಮೆಗೇ ಇಳಿಯುವುದಾದರೂ ಹೇಗೆ? ಹಾಲಿನವನು ಬಾಗಿಲಲ್ಲಿ ನಿಂತು ಕೂಗಿದರೆ ಒಳಗಿನಿಂದ, "ನಾನೇನು ಕಿವುಡಿನಾ?" ಎಂದು ಬೈಗುಳ ಬರುತ್ತಿತ್ತು. ಬೈದವಳೂ ಕೂಗಿಯೇ ಬೈಯುತ್ತಿದ್ದಳು. ಗೋಡೆಯಾಚೆ ಗಂಡ ಹೆಂಡತಿ ಏನು ಮಾತಾಡಿಕೊಳ್ಳುತ್ತಾರೆಂದು ಅಕ್ಕಪಕ್ಕದವರಿಗೆ ಮೊದಲ ಸಲ ಸ್ಪಷ್ಟವಾಗಿ ಕೇಳಿಸತೊಡಗಿ, ಅದರಿಂದಲೇ ಒಂದೆರಡು ಮನಸ್ತಾಪಗಳೂ ಆದವು.

ಈ ನಿಶ್ಶಬ್ದವನ್ನು ತಂದುಕೊಟ್ಟವಳು ಟೈಲರಮ್ಮ. ನಗರಸಭೆಯ ಸದಸ್ಯೆಯಾಗಿ ಗೆದ್ದ ಮೇಲೆ ಜನ ಬಾಯಿತುಂಬ 'ಮೇಡಂ' ಎನ್ನುತ್ತಿದ್ದರೂ ಅವಳಿಗೆ ಆ ಹೆಸರು ಅಳತೆ ತಪ್ಪಿ ಹೊಲಿದ ಅಂಗಿಯ ಹಾಗೆ ಭುಜದ ಮೇಲೆ ಕೂರುತ್ತಲೇ ಇರಲಿಲ್ಲ. ರಸ್ತೆಯ ತಿರುವಿನಲ್ಲೇ ಅವಳ ಅಂಗಡಿ, ಮೇಲೆ ಮನೆ. ಹೆದ್ದಾರಿಯಿಂದ ಕೆಳಗಿನ ಧಾನ್ಯದ ಮಾರುಕಟ್ಟೆಗೆ ಇಳಿಯುವ ಲಾರಿಗಳೆಲ್ಲ ಅವಳ ಹೊಲಿಗೆ ಮಿಷನ್ನಿನ ಮುಂದೆಯೇ ಹಾದುಹೋಗಬೇಕಿತ್ತು. ತುಂಬಿದ ಲಾರಿ ಇಳಿಜಾರಿನಲ್ಲಿ ಜಾರದಂತೆ ಡ್ರೈವರ್ ಸಣ್ಣ ಗೇರಿಗೆ ಹಾಕಿದರೆ, ದಪ್ಪ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಪರ್ರನೆ ಸೀಳಿದ ಹಾಗೆ ಇಂಜಿನ್ನಿನ ಸದ್ದು. ತಿರುವಿಗೆ ಬಂದರೆ ಹಾರನ್ನು. ಕೆಳಗೆ ಮುಟ್ಟಿದ ಮೇಲೆ ಬ್ರೇಕಿನ ಗಾಳಿ ಬಿಟ್ಟು ಒಂದು 'ಉಸ್'. ಸರಕು ಇಳಿಸಿದ ಲಾರಿ ವಾಪಸು ಹತ್ತುವಾಗ ಹಿಂದಿನ ಹಲಗೆಯ ಸರಪಳಿ ಗಲಗಲ. ಬೆಳಗಿನಿಂದ ಸಂಜೆಯವರೆಗೂ ಇದೇ ಪಾಡು. ಅಳತೆ ಕೊಡಲು ನಿಂತ ಗಿರಾಕಿಗಳು ಕೈ ಎತ್ತಿ ನಿಂತಲ್ಲೇ ಲಾರಿಗಳಿಗೆ ಶಾಪ ಹಾಕುತ್ತಿದ್ದರು. ಟೈಲರಮ್ಮ ಕೊರಳಿಗೆ ಟೇಪು ಹಾಕಿಕೊಂಡು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಹೂಂ ಹೂಂ ಎನ್ನುತ್ತಿದ್ದಳು. ಬಾಯಲ್ಲಿ ಸೂಜಿ ಇದ್ದವಳು ಬೇರೇನು ಹೇಳಲು ಸಾಧ್ಯ? ಆ ಹೂಂಗುಟ್ಟುವಿಕೆಯೇ ಅವಳ ಪಾಲಿಗೆ ಮುಳುವಾಯಿತು. ಎದುರುಮನೆಯ ಹಿಟ್ಟಿನ ಗಿರಣಿಯವನು ಒಂದು ದಿನ, "ನಮ್ಮ ಕಷ್ಟ ತಾಳ್ಮೆಯಿಂದ ಕೇಳೋರು ಈ ರಸ್ತೇಲಿ ನೀವೊಬ್ರೇ. ನೀವೇ ನಿಂತ್ಕೊಳ್ಳಿ. ಗೆಲ್ಲಿಸೋದು ನಮಗೆ ಬಿಡಿ," ಎಂದ.

ನಿಂತಳು, ಗೆದ್ದಳು. ಅವಳು ಕೊಟ್ಟ ಮಾತು ಒಂದೇ: ಇಳಿಜಾರು ರಸ್ತೆಯಲ್ಲಿ ಲಾರಿ ಇರುವುದಿಲ್ಲ.

ಚುನಾವಣೆಯಲ್ಲಿ ಅವಳಿಗಾಗಿ ಹೆಚ್ಚು ಓಡಾಡಿದವಳು ಅವಳ ಅಕ್ಕ. ಅಕ್ಕನ ಮನೆ ಅದೇ ವಾರ್ಡಿನ ಕೆಳಗಿನ ರಸ್ತೆಯಲ್ಲಿತ್ತು. ಅದು ಊರನ್ನು ಬಳಸಿಕೊಂಡು ಮಾರುಕಟ್ಟೆಯ ಹಿಂಬಾಗಿಲಿಗೆ ಸೇರುವ ಸಪಾಟು ರಸ್ತೆ, ಅಲ್ಲಿ ಲಾರಿಗಳ ಕಾಟವಿರಲಿಲ್ಲ. ಒಂದು ಹಿಡಿ ಸಕ್ಕರೆಗೂ ಯಾರ ಬಾಗಿಲನ್ನೂ ತಟ್ಟದ ಹೆಂಗಸು ಅಕ್ಕ. ತಾಯಿ ಹೋದ ಮೇಲೆ ತಂಗಿಯನ್ನು ತಾನೇ ಸಾಕಿ, ಮಿಷನ್ನಿನ ಮುಂದೆ ತೊಡೆಯ ಮೇಲೆ ಕೂರಿಸಿಕೊಂಡು ಹೊಲಿಗೆ ಕಲಿಸಿದವಳು. ಅವಳು ಆ ರಸ್ತೆಯ ಬಾಗಿಲು ಬಾಗಿಲಿಗೂ ಹೋಗಿ, "ನನ್ನ ತಂಗಿ. ಹೊಲಿಗೇನೂ ನೇರ, ಮಾತೂ ನೇರ. ಒಂದು ಓಟು ಹಾಕಿ," ಎಂದು ಕೇಳಿದ್ದಳು. ಮನೆಗೆ ಬಂದು, "ಅಬ್ಬಾ, ಜನರ ಮುಂದೆ ಹಲ್ಲು ಕಿರಿದೂ ಕಿರಿದೂ ದವಡೆ ನೋವು ಬಂತು ಕಣೆ," ಎಂದು ಉಪ್ಪುನೀರು ಮುಕ್ಕಳಿಸಿದ್ದಳು.

ಗೆದ್ದ ಮೇಲೆ ಟೈಲರಮ್ಮ ನಗರಸಭೆಯ ಸಾರಿಗೆ ಇಂಜಿನಿಯರನ ಎದುರು ಹೋಗಿ ಕುಳಿತಳು. ಆತ ಸದಾ ನಿದ್ದೆಗಣ್ಣಿನ, ಮೇಜಿನ ಮೇಲೆ ಎದೆಯುರಿಯ ಮಾತ್ರೆ ಇಟ್ಟುಕೊಂಡ ಮನುಷ್ಯ. ಊರಿನ ನಕ್ಷೆ ಬಿಡಿಸಿ ಹೇಳಿದ:

"ಮೇಡಂ, ಲಾರಿಗೆ ರೆಕ್ಕೆ ಇಲ್ಲ. ಇಲ್ಲಿ ಬೇಡ ಅಂದ್ರೆ ಎಲ್ಲಿ ಹೋಗ್ಬೇಕು ಅಂತಾನೂ ಹೇಳ್ಬೇಕಾಗುತ್ತೆ."

"ಅದು ನಿಮ್ಮ ಕೆಲಸ ಅಲ್ವಾ ಸರ್?"

"ನನ್ನ ಕೇಳಿದ್ರೆ ಅರ್ಧ ಮಾಡಿ ಅಂತೀನಿ. ತುಂಬಿದ ಲಾರಿ ಒಂದು ದಾರೀಲಿ ಬರಲಿ, ಖಾಲಿ ಲಾರಿ ಇನ್ನೊಂದು ದಾರೀಲಿ ಹೋಗ್ಲಿ. ಯಾರಿಗೂ ಪೂರ್ತಿ ಹೊರೆ ಬೀಳಲ್ಲ."

"ಅರ್ಧ ಅಂದ್ರೆ ನಮ್ಮ ಜನ ಒಪ್ಪಲ್ಲ."

"ಎಲ್ಲಾ ಕಡೆ ಹಂಗೇ ಹೇಳ್ತಾರೆ," ಎಂದು ಆತ ಒಂದು ಮಾತ್ರೆ ಬಾಯಿಗೆ ಹಾಕಿಕೊಂಡ. ಅವನ ಇನ್ನೊಂದು ಕೈಯ ಬೆರಳು ನಕ್ಷೆಯ ಮೇಲೆ ಕೆಳಗಿನ ರಸ್ತೆಯ ಗೆರೆಯ ಮೇಲೆ ಕೂತಿತ್ತು. ಟೈಲರಮ್ಮ ಅದನ್ನು ನೋಡಿದಳು. ಅಗಲವಾದ ರಸ್ತೆ, ಇಳಿಜಾರಿಲ್ಲ, ಲಾರಿಗಳು ಮೆಲ್ಲಗೆ ಹೋದಾವು ಎಂದು ತನಗೆ ತಾನೇ ಹೇಳಿಕೊಂಡಳು. ಮತ್ತೇನೂ ಕೇಳದೆ ಎದ್ದುಬಂದಳು.

ನಿಯಮ ಬಂತು. ತಿರುವಿನಲ್ಲಿ ಲಾರಿಯ ಚಿತ್ರಕ್ಕೆ ಕೆಂಪು ಅಡ್ಡಗೆರೆ ಎಳೆದ ಫಲಕ ನಿಂತಿತು. ಗಿರಣಿಯವನು ಅದಕ್ಕೆ ಹಾರ ಹಾಕುವುದೊಂದು ಬಾಕಿ. ಟೈಲರಮ್ಮನ ಗಂಡ ಶೈತ್ಯಾಗಾರದಲ್ಲಿ ಯಂತ್ರ ರಿಪೇರಿ ಮಾಡುವವನು. ಆ ಭಾನುವಾರ ಮಧ್ಯಾಹ್ನ ಮಲಗಿ ಎದ್ದು, "ಮದುವೆಯಾಗಿ ಇಷ್ಟು ವರ್ಷ ಆದಮೇಲೆ ಇವತ್ತು ಗೊತ್ತಾಯ್ತು, ನೀನು ಗೊರಕೆ ಹೊಡೀತೀಯ," ಎಂದ.

"ನಿಮ್ಮದು ನನಗೆ ಮೊದಲಿಂದಾನೂ ಗೊತ್ತಿತ್ತು. ಲಾರಿಗಿಂತ ಜೋರು ಅದು," ಎಂದಳು ಅವಳು.

ಇಷ್ಟಾದರೂ ಅಕ್ಕ ಬರಲಿಲ್ಲ. ವಾರಕ್ಕೊಮ್ಮೆಯಾದರೂ ಏದುಸಿರು ಬಿಡುತ್ತ ಏರು ಹತ್ತಿ ಬಂದು, ಅಂಗಡಿಯ ಮುಕ್ಕಾಲಿಯ ಮೇಲೆ ಕುಳಿತು, ತಂಗಿ ಹೊಲಿದ ಕಾಜಾಗಳನ್ನು ಬೆರಳಲ್ಲಿ ಸವರಿ ತಪ್ಪು ಹುಡುಕಿ ಹೋಗುವವಳು. ಫೋನ್ ಮಾಡಿದರೆ, "ಭಾವನ್ನ ಬಿಟ್ಟು ಬರೋಕೆ ಆಗ್ತಿಲ್ಲ," ಎನ್ನುತ್ತಿದ್ದಳು. ಭಾವನಿಗೆ ಹಿಂದಿನ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಅದೇನೋ ನಿಜವೇ. ಆದರೆ ಮೊದಲೆಲ್ಲ ಬಿಟ್ಟು ಬರುತ್ತಿದ್ದಳಲ್ಲ.

ಒಂದು ಮಧ್ಯಾಹ್ನ ಟೈಲರಮ್ಮ ಅಂಗಡಿ ಮುಚ್ಚಿ ತಾನೇ ಹೋದಳು.

ಕೆಳಗಿನ ರಸ್ತೆಗೆ ತಿರುಗಿದ ಕೂಡಲೇ ಅರ್ಥವಾಗಿಹೋಯಿತು. ಮಕ್ಕಳು ಆಡಿಕೊಂಡಿರಲಿ ಎಂದು ಯಾವ ಕಾಲದಲ್ಲೋ ಅಲ್ಲಿನವರೇ ಹಠ ಹಿಡಿದು ಹಾಕಿಸಿಕೊಂಡ ಹಂಪುಗಳು ಆ ರಸ್ತೆಯ ತುಂಬ ಇದ್ದವು. ತುಂಬಿದ ಲಾರಿ ಅವುಗಳ ಮೇಲೆ ಬಸುರಿಯ ಹಾಗೆ ನಿಧಾನಕ್ಕೆ ಹತ್ತಿ ಇಳಿಯುತ್ತಿತ್ತು. ಖಾಲಿ ಲಾರಿಗೆ ಆ ತಾಳ್ಮೆ ಎಲ್ಲಿಯದು? ಹಂಪ್ ಹಾರಿದೊಡನೆ ಹಿಂದಿನ ತಗಡೆಲ್ಲ ಒಮ್ಮೆಗೇ ಎದ್ದುಬಿದ್ದು 'ಧಡಾರ್' ಎನ್ನುತ್ತಿತ್ತು. ಅಂಥ ಒಂದು ಹಂಪು ಅಕ್ಕನ ಮನೆಯ ಎದುರಿಗೇ ಇತ್ತು.

ಗೇಟಿನ ಬಳಿ ಪಕ್ಕದ ಮನೆಯ ಹೆಂಗಸು ಬಕೆಟ್ಟಿನಲ್ಲಿ ನೀರು ಹಿಡಿದು ಧೂಳಿಗೆ ಚಿಮುಕಿಸುತ್ತಿದ್ದಳು. ಟೈಲರಮ್ಮನನ್ನು ನೋಡಿ ಕೈ ನಿಲ್ಲಿಸಿದಳು.

"ಬಂದ್ರಾ? ಬನ್ನಿ ಬನ್ನಿ. ನಿಮ್ಮಕ್ಕ ನಮ್ಮ ಬಾಗಿಲಿಗೆ ಬಂದು ಓಟು ಕೇಳಿದ್ರು, ಕೊಟ್ವಿ. ಈಗ ನಾವು ಅವರ ಬಾಗಿಲಿಗೆ ಹೋಗಿ ನಿದ್ದೆ ಕೇಳ್ತಾ ಇದ್ದೀವಿ. ಅವರು ಎಲ್ಲಿಂದ ಕೊಡ್ತಾರೆ ಪಾಪ."

ಟೈಲರಮ್ಮ ತಲೆತಗ್ಗಿಸಿ ಒಳಗೆ ಹೋದಳು.

ಮುಂದಿನ ಕೋಣೆಯ ಕಿಟಕಿಗೆ ಹಳೆಯ ಕಂಬಳಿ ಕಟ್ಟಿತ್ತು, ಹಗಲಲ್ಲೇ ದೀಪ ಉರಿಯುತ್ತಿತ್ತು. ಭಾವನ ಮಂಚ ಅಲ್ಲಿರಲಿಲ್ಲ. ಅದನ್ನು ಅಡುಗೆಮನೆಗೆ ಸಾಗಿಸಿ ಒಲೆಯ ಕಟ್ಟೆಗೂ ಗೋಡೆಗೂ ನಡುವೆ ತುರುಕಲಾಗಿತ್ತು. ಅಕ್ಕ ಆ ಮಂಚಕ್ಕೆ ಬೆನ್ನು ತಾಗಿಸಿಕೊಂಡೇ ಅಡ್ಡಡ್ಡ ನಿಂತು ಚಹಾ ಕುದಿಸಿದಳು. ಭಾವ ಎಡಗೈ ಎತ್ತಿ ತೊದಲುತ್ತ, "ಮೇ... ಮೇಡಂ," ಎಂದು ನಕ್ಕರು. ಅವರು ಮೊದಲಿಂದಲೂ ತಮಾಷೆಯ ಮನುಷ್ಯ.

"ಭಾವ, ನೀವೂ ಶುರು ಮಾಡಿದ್ರಾ?" ಎಂದು ಅವಳೂ ನಕ್ಕಳು. ಅಷ್ಟರಲ್ಲಿ ಹೊರಗೆ ಖಾಲಿ ಲಾರಿಯೊಂದು ಹಂಪ್ ಹಾರಿತು. ಗೂಡಿನಲ್ಲಿದ್ದ ತಟ್ಟೆಗಳು ಕಟಕಟ ಎಂದವು. ಭಾವನ ಇಡೀ ಮೈ ಮಂಚದಿಂದ ಗೇಣೆತ್ತರ ಜಿಗಿದು ಬಿತ್ತು. ನಗು ಮುಖದ ಮೇಲೆ ಹಾಗೇ ಇತ್ತು, ಕಣ್ಣು ಮಾತ್ರ ಚಿಕ್ಕ ಮಗುವಿನ ಕಣ್ಣಿನಂತೆ ಅಗಲವಾಗಿತ್ತು. ಅಕ್ಕ ಲೋಟ ಕೆಳಗಿಟ್ಟು ಅವರ ಎದೆಯ ಮೇಲೆ ಅಂಗೈ ಇಟ್ಟು, "ಏನಿಲ್ಲ, ಹೋಯ್ತು, ಹೋಯ್ತು," ಎಂದಳು. ಕೈ ತೆಗೆದು ಮತ್ತೆ ಲೋಟ ಎತ್ತಿಕೊಂಡಳು. ದಿನಕ್ಕೆಷ್ಟು ಸಲ ಹೀಗೆ ಮಾಡುತ್ತಾಳೋ, ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಅಕ್ಕ, ಯಾಕೆ ಹೇಳ್ಲಿಲ್ಲ ನನಗೆ?"

"ಏನಂತ ಹೇಳೋದು? ಲಾರಿ ಓಡಾಡ್ತಿದೆ ಅಂತಲಾ? ನಿನಗೆ ಗೊತ್ತಿರೋದೇ."

"ಬೆಳಗ್ಗೆಯಿಂದ ಹಿಂಗೇನಾ?"

"ಚಹಾ ಆರುತ್ತೆ, ಕುಡಿ," ಎಂದಳು ಅಕ್ಕ. ಆಮೇಲೆ, ತಂಗಿಯ ಮುಖ ನೋಡಲಾರದೆ ಎಂಬಂತೆ ಒಲೆ ಒರೆಸುತ್ತ, "ನಿನ್ನ ರಸ್ತೆಯವರಿಗೆ ನೆಮ್ಮದಿ ಆಯ್ತಲ್ಲ. ನೀನು ಕೊಟ್ಟ ಮಾತು ಉಳಿಸ್ಕೊಂಡೆ. ಸಾಕು ಬಿಡು," ಎಂದಳು.

ಟೈಲರಮ್ಮ ಹಿಂತಿರುಗಿ ಏರು ಹತ್ತಿದಳು. ಗಿರಣಿಯವನು ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಬಾಗಿಲಲ್ಲಿ ಕುಳಿತು, "ಎಂಥಾ ನೆಮ್ಮದಿ ನೋಡಿ ಮೇಡಂ, ಹಕ್ಕಿ ಕೂಗೋದು ಕೇಳಿಸ್ತಿದೆ," ಎಂದ. ಅವನ ಹಿಂದೆ ಗಿರಣಿ ಗರಗರ ತಿರುಗುತ್ತಿತ್ತು. ಆ ಸದ್ದಿನಲ್ಲಿ ಅವನಿಗೆ ಹಕ್ಕಿ ಹೇಗೆ ಕೇಳಿಸಿತೋ ದೇವರಿಗೇ ಗೊತ್ತು.

ಮರುದಿನವೇ ಅವಳು ಇಂಜಿನಿಯರನ ಮೇಜಿನ ಮುಂದೆ ಕುಳಿತಿದ್ದಳು.

"ಆ ಅರ್ಧ ಅಂತ ಹೇಳಿದ್ರಲ್ಲ ಸರ್. ಅದನ್ನ ಮಾಡೋಣ."

ಆತ ಮತ್ತೆ ನಕ್ಷೆ ಬಿಡಿಸಿದ. ವ್ಯಂಗ್ಯ ಮಾಡುವಷ್ಟು ಶಕ್ತಿಯೂ ಅವನಲ್ಲಿ ಉಳಿದಿದ್ದಂತೆ ಕಾಣಲಿಲ್ಲ.

"ತುಂಬಿದ್ದು ಕೆಳಗಿನ ರಸ್ತೇಲಿ ಬರಲಿ, ಅಲ್ಲಿ ಇಳಿಜಾರಿಲ್ಲ, ಇಂಜಿನ್ ಕಿರುಚಲ್ಲ. ಖಾಲಿ ಲಾರಿ ನಿಮ್ಮ ರಸ್ತೆ ಹತ್ತಿ ಹೋಗ್ಲಿ, ಅಲ್ಲಿ ಹಂಪ್ ಇಲ್ಲ. ಕಾಗದದ ಮೇಲೆ ಚೆನ್ನಾಗಿದೆ. ಆದ್ರೆ ಎರಡೂ ರಸ್ತೆಯವರನ್ನ ಕೂರಿಸಿ ಕೇಳ್ಬೇಕು, ಅದು ಕಾನೂನು. ನೀವು ರೆಡೀನಾ?"

"ಬೈಸಿಕೊಳ್ಳೋಕೆ ತಾನೇ? ರೆಡಿ."

"ಮೇಡಂ, ನನಗೆ ಅಭ್ಯಾಸ ಇದೆ. ನಿಮಗೆ ಇನ್ನೂ ಹೊಸದು," ಎಂದು ಆತ ಮಾತ್ರೆಯ ಹಾಳೆಯನ್ನು ಅವಳತ್ತ ಸರಿಸಿದ. ಅವಳು ಒಂದನ್ನು ಕಿತ್ತು ಚೀಲಕ್ಕೆ ಹಾಕಿಕೊಂಡಳು.

ಅಕ್ಕನಿಗೆ ಅವಳು ಮುಂಚಿತವಾಗಿ ಏನೂ ಹೇಳಲಿಲ್ಲ. ಹೇಳಿದರೆ ಅಕ್ಕ ಬೇಡ ಅನ್ನುತ್ತಾಳೆ ಎಂಬ ಭಯ ಒಂದು. ಆದಮೇಲೆ ತಾನಾಗಿ ಗೊತ್ತಾಗಲಿ ಎಂಬ ಆಸೆ ಇನ್ನೊಂದು.

ಸಭೆ ಶಾಲೆಯ ಪ್ರಾರ್ಥನೆಯ ಹಾಲಿನಲ್ಲಿ ನಡೆಯಿತು. ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕುಳಿತಿದ್ದರು. ಎಡಕ್ಕೆ ಇಳಿಜಾರು ರಸ್ತೆಯವರು, ಬಲಕ್ಕೆ ಕೆಳಗಿನ ರಸ್ತೆಯವರು. ಯಾರೂ ಹೇಳಿರಲಿಲ್ಲ, ತಾವಾಗಿಯೇ ಹಾಗೆ ಬೇರೆಯಾಗಿದ್ದರು. ಬಲಗಡೆಯ ಕೊನೆಯ ಬೆಂಚಿನಲ್ಲಿ ಪಕ್ಕದ ಮನೆಯ ಹೆಂಗಸಿನ ಜೊತೆ ಅಕ್ಕ ಕುಳಿತಿದ್ದನ್ನು ಟೈಲರಮ್ಮ ಕಂಡಳು. ಭಾವನನ್ನು ಯಾರ ಸುಪರ್ದಿಗೆ ಬಿಟ್ಟು ಬಂದಳೋ.

ಇಂಜಿನಿಯರ್ ನಕ್ಷೆ ತೋರಿಸಿ ಮಾತಾಡಿದ. ಆತ ಇನ್ನೂ ಕೂರುವ ಮುನ್ನವೇ ಗಿರಣಿಯವನು ಎದ್ದ.

"ಇದೇನು ಮೇಡಂ ಹೊಸ ರಾಗ? ಲಾರಿ ಇರಲ್ಲ ಅಂತ ಹೇಳಿ ಓಟು ತಗೊಂಡ್ರಿ. ಈಗ ಅರ್ಧ ಲಾರಿ ಅಂತೀರಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತಲಾ?"

"ಹಂಗಲ್ಲ. ನಮ್ಮ ಮನೆ ಕಸ ಪಕ್ಕದ ಮನೆ ಅಂಗಳಕ್ಕೆ ಗುಡಿಸಿದ ಹಾಗಾಗಿದೆ. ಅದು ಸರಿ ಅನ್ನಿಸ್ಲಿಲ್ಲ."

"ಪಕ್ಕದ ಮನೆ ಅಲ್ಲ, ಅಕ್ಕನ ಮನೆ ಅನ್ನಿ," ಎಂದ ಗಿರಣಿಯವನು. ಎಡಗಡೆ ಕಿಸಕ್ಕನೆ ನಗು ಎದ್ದಿತು. "ಎಲ್ಲ ಅಕ್ಕನಿಗೋಸ್ಕರ ತಾನೇ? ಅಲ್ಲೇ ಕೂತಿದ್ದಾರೆ. ಕೇಳಿ ಅವರನ್ನೇ."

ಕೆಳಗಿನ ರಸ್ತೆಯವರಾದರೂ ತನ್ನ ಪರ ಬಂದಾರು ಎಂದುಕೊಂಡಿದ್ದಳು ಟೈಲರಮ್ಮ. ಆದರೆ ಅವರು ಬಂದದ್ದು ಪೂರ್ತಿ ಲಾರಿಗಳನ್ನು ಹಿಂದಕ್ಕೆ ಕಳಿಸಲು. ನಮ್ಮ ಪಾಡಿಗೆ ನಾವಿದ್ದೆವು, ನಮಗೆ ಅರ್ಧವೂ ಏಕೆ ಬೇಕು, ತುಂಬಿದ ಲಾರಿಯಿಂದ ಗೋಡೆ ಬಿರುಕು ಬಿಡುತ್ತಿದೆ, ಅದು ಕಷ್ಟವಲ್ಲವೇ ಎಂದು ಒಬ್ಬರ ಹಿಂದೊಬ್ಬರು ಎದ್ದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಇಂಜಿನಿಯರ್ ಕೆನ್ನೆಗೆ ಕೈಕೊಟ್ಟು ಕುಳಿತು, ಮಳೆ ನಿಲ್ಲುವುದನ್ನು ಕಾಯುವವನಂತೆ ಕಿಟಕಿಯಾಚೆ ನೋಡುತ್ತಿದ್ದ.

ಆಗ ಅಕ್ಕ ಎದ್ದು ನಿಂತಳು. ಅಷ್ಟು ಜನರ ಎದುರು ಅವಳು ಬಾಯಿ ಬಿಟ್ಟದ್ದು ಅದೇ ಮೊದಲಿರಬೇಕು. ಗದ್ದಲ ತಾನಾಗಿ ಇಳಿಯಿತು.

"ನನಗೋಸ್ಕರ ಅಂತ ಯಾರೂ ಏನೂ ಮಾಡೋದು ಬೇಡ," ಎಂದಳು. ತಂಗಿಯ ಕಡೆಗೆ ನೋಡದೆ ಇಂಜಿನಿಯರನಿಗೆ ಹೇಳಿದಳು. "ನೀವು ಅರ್ಧ ಅಂತೀರಿ. ಅರ್ಧ ಬೆಚ್ಚಿಬೀಳೋದು ಹೆಂಗೆ ಅಂತ ನನ್ನ ಯಜಮಾನರಿಗೆ ಕಲಿಸೋಕೆ ನನಗೆ ಬರಲ್ಲ. ತೆಗೆಯೋದಾದ್ರೆ ಪೂರ್ತಿ ತೆಗೀರಿ. ಇಲ್ಲಾಂದ್ರೆ ಸುಮ್ಮನಿರಿ."

ಹಾಲಿನಲ್ಲಿ ಚಪ್ಪಾಳೆ ಬಿತ್ತು. ಎಡದಿಂದಲೂ ಬಂತು, ಬಲದಿಂದಲೂ ಬಂತು. ಅವತ್ತು ಎರಡು ರಸ್ತೆಯವರೂ ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ, ಅರ್ಧ ಬೇಡ ಎನ್ನುವುದರಲ್ಲಿ.

  ಜನ ಎದ್ದುಹೋದ ಮೇಲೆ ಇಂಜಿನಿಯರ್ ನಕ್ಷೆ ಸುತ್ತುತ್ತ ಕೇಳಿದ: "ಬಿಟ್ಟುಬಿಡೋಣ್ವಾ ಮೇಡಂ? ಇರೋದು ಇರೋ ಹಾಗೇ ಇದ್ರೆ ನಿಮಗೆ ಒಂದು ರಸ್ತೆ ಆದ್ರೂ ಉಳಿಯುತ್ತೆ."

ಅವಳಿಗೆ ಗೂಡಿನ ತಟ್ಟೆಗಳ ಕಟಕಟ ನೆನಪಾಯಿತು, ಮಂಚದಿಂದ ಎದ್ದುಬಿದ್ದ ಆ ಮೈ ನೆನಪಾಯಿತು. ಪೂರ್ತಿ ತೆಗೆಸುವುದು ತನ್ನ ಕೈಯಲ್ಲಿಲ್ಲ. ಊರಿಗೆ ಅನ್ನ ಬರುವುದು ಆ ಲಾರಿಗಳಲ್ಲೇ. ತಗಡು ಬಡಿಯುವ ಲಾರಿಗಳನ್ನಾದರೂ ಆ ಮನೆಯ ಮುಂದಿನಿಂದ ತೆಗೆಸಬಹುದು. ಅಕ್ಕ ಬೇಡ ಎಂದಳು, ನಿಜ. ಅಕ್ಕ ಎಂದಾದರೂ ಏನನ್ನಾದರೂ ಬೇಕು ಎಂದಿದ್ದಾಳೆಯೇ?

"ಬರೀರಿ ಸರ್. ನಾನು ಸಹಿ ಹಾಕ್ತೀನಿ," ಎಂದಳು.

ನಗರಸಭೆಯಲ್ಲಿ ಅದು ಅಷ್ಟೇನೂ ಗದ್ದಲವಿಲ್ಲದೆ ಪಾಸಾಯಿತು. ಉಳಿದ ಸದಸ್ಯರಿಗೆ ಅವರವರ ರಸ್ತೆಗಳ ಚಿಂತೆಯೇ ಹಾಸಿ ಹೊದೆಯುವಷ್ಟಿತ್ತು. ತಿರುವಿನ ಫಲಕದಲ್ಲಿ ಕೆಂಪು ಗೆರೆಯ ಕೆಳಗೆ 'ಖಾಲಿ ಲಾರಿಗಳಿಗೆ ಮೇಲಕ್ಕೆ ಮಾತ್ರ ಅವಕಾಶ' ಎಂದು ಒಂದು ತುಂಡು ತಗಡು ಸೇರಿಸಿದರು. ಮೊದಲ ಖಾಲಿ ಲಾರಿ ಸರಪಳಿ ಗಲಗಲಿಸುತ್ತ ಏರು ಹತ್ತಿದಾಗ ರಸ್ತೆಯವರೆಲ್ಲ ಬಾಗಿಲಿಗೆ ಬಂದು ನಿಂತರು. ಯಾರೂ ಲಾರಿಯನ್ನು ನೋಡಲಿಲ್ಲ. ಎಲ್ಲರೂ ಟೈಲರಮ್ಮನ ಅಂಗಡಿಯನ್ನು ನೋಡಿದರು. ಅವಳು ತಲೆ ಎತ್ತದೆ ಹೊಲಿಯುತ್ತಿದ್ದಳು. ಅವತ್ತು ಹೊಲಿದ ಪ್ಯಾಂಟಿನ ಕಾಲು ಸೊಟ್ಟಗಾಗಿ ಸಂಜೆ ಬಿಚ್ಚಿ ಮತ್ತೆ ಹಾಕಬೇಕಾಯಿತು.

ಆಮೇಲಿನ ದಿನಗಳು ಸಪ್ಪೆಯಾಗಿ ಉರುಳಿದವು. ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾದರು. ಹೊಲಿಯಲು ಕೊಟ್ಟ ಪರದೆಯ ಬಟ್ಟೆಯನ್ನು ಒಬ್ಬಾಕೆ ಬಂದು ವಾಪಸು ತೆಗೆದುಕೊಂಡು ಹೋದಳು. ಗಿರಣಿಯವನು ಟೈಲರಮ್ಮನ ಗೋಧಿಯ ಡಬ್ಬವನ್ನು ಬೀಸದೆ ಹಾಗೇ ಬಾಗಿಲಿಗೆ ತಂದಿಟ್ಟು, "ನಮ್ಮ ಕಲ್ಲು ಸವೆದಿದೆ. ಬೇರೆ ಕಡೆ ನೋಡ್ಕೊಳ್ಳಿ," ಎಂದ. ಗಂಡ ಆ ಡಬ್ಬ ಹೊತ್ತುಕೊಂಡು ಮಾರುಕಟ್ಟೆಯ ಆಚೆಯ ಗಿರಣಿಗೆ ಹೋಗಿ ಬಂದು, ಬೆವರು ಒರೆಸಿಕೊಂಡು, "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಗೊಣಗಿದ. ಅವಳ ಮುಖ ನೋಡಿ, "ಹೋಗ್ಲಿ ಬಿಡು, ಆ ಗಿರಣಿ ಹಿಟ್ಟು ಇನ್ನೂ ನಯವಾಗಿದೆ," ಎಂದು ಸೇರಿಸಿದ.

ಕೆಳಗಿನ ರಸ್ತೆಯವರೂ ಕೃತಜ್ಞತೆ ಹೇಳಲೇನೂ ಬರಲಿಲ್ಲ. ಉಳಿದ ಅರ್ಧಕ್ಕೆ ಅವರು ಇವಳನ್ನೇ ಬೈಯುತ್ತಿದ್ದರು.

ಅಕ್ಕ ಬಂದದ್ದು ಶಾಲೆಗಳಿಗೆ ರಜೆ ಶುರುವಾದ ಮೇಲೆ. ಚೀಲದ ತುಂಬ ಭಾವನ ಅಂಗಿಗಳನ್ನು ತಂದಿದ್ದಳು. ಮುಕ್ಕಾಲಿಯ ಮೇಲೆ ಕುಳಿತು ಮೊದಲು ಉಸಿರು ಸರಿಮಾಡಿಕೊಂಡಳು.

"ಒಂದು ಕೈಯಲ್ಲಿ ಗುಂಡಿ ಹಾಕ್ಕೊಳ್ಳೋಕೆ ಬರಲ್ಲ ಅವರಿಗೆ. ನಾನು ಹಾಕೋಕೆ ಹೋದ್ರೆ ಕೋಪ. ಅದೇನೋ ಒತ್ತಿದ್ರೆ ಅಂಟಿಕೊಳ್ಳೋ ಪಟ್ಟಿ ಬರುತ್ತಲ್ಲ, ಅದನ್ನ ಹೊಲಿ. ಗುಂಡಿ ಮೇಲೆ ಹಾಗೇ ಇರಲಿ, ನೋಡೋಕೆ ಗುಂಡಿ ಅಂಗಿ ಹಾಗೇ ಕಾಣ್ಬೇಕು."

ಟೈಲರಮ್ಮ ಅಂಗಿಯನ್ನು ಮೇಜಿನ ಮೇಲೆ ಹರಡಿ ಗುಂಡಿಪಟ್ಟಿಯ ಹೊಲಿಗೆ ಬಿಚ್ಚತೊಡಗಿದಳು.  ಒಂದು ಪಟ್ಟಿ ಬಿಚ್ಚುವಷ್ಟರಲ್ಲಿ ಅಕ್ಕ, "ಆ ಇಂಜಿನಿಯರ್ ಬಂದಿದ್ರು, ಬಿರುಕು ನೋಡೋಕೆ. ಒಳ್ಳೇ ಮನುಷ್ಯ," ಎಂದಳು.

"ಹೂಂ."

"ಲಾರಿ ಯಾವ ಕಡೆ ಕಳಿಸೋದು ಅಂತ ಮೊದಲೇ ನಿನ್ನ ಕೇಳಿದ್ರಂತೆ."

ಟೈಲರಮ್ಮನ ಕೈಯಲ್ಲಿದ್ದ ಸಣ್ಣ ಕತ್ತರಿ ನಿಂತಿತು. ಈಗ ಬಾಯಲ್ಲಿ ಸೂಜಿ ಇರಲಿಲ್ಲ, ಆದರೂ ಮಾತು ಬರಲಿಲ್ಲ. ಅಕ್ಕ ಅಂಗಿಯ ತೋಳನ್ನು ಬೆರಳಲ್ಲಿ ನೀವಿ ನೇರ ಮಾಡುತ್ತ ಹೇಳಿದಳು:

"ಅವತ್ತೇ ನನ್ನ ಹತ್ರ ಬಂದು, ಅಕ್ಕ, ಹಿಂಗಾಗುತ್ತೆ, ಏನು ಮಾಡ್ಲಿ ಅಂತ ಕೇಳಿದ್ರೆ, ನಾನೇ 'ಮಾಡು' ಅಂತಿದ್ದೆ ಕಣೆ. ನಿನ್ನಾಣೆ. ಕಂಬಳಿನೂ ನಾನೇ ಕಟ್ಕೋತಿದ್ದೆ. ನೀನು ಕೇಳ್ಲಿಲ್ಲ. ಆಮೇಲೆ ಅರ್ಧ ಅಂತ ತಂದೆ, ಆಗಲೂ ಕೇಳ್ಲಿಲ್ಲ."

"ತಪ್ಪಾಯ್ತು," ಎಂದಳು ತಂಗಿ. ಬಹಳ ಸಣ್ಣ ದನಿಯಲ್ಲಿ ಎಂದಳು.

"ಈ ತೋಳು ಸ್ವಲ್ಪ ಅಗಲ ಮಾಡು. ಆ ಕೈ ಊದಿಕೊಂಡಿದೆ," ಎಂದಳು ಅಕ್ಕ. ಚೀಲದಿಂದ ಇನ್ನೊಂದು ಅಂಗಿ ತೆಗೆಯುತ್ತ, "ಮಧ್ಯಾಹ್ನ ಊಟ ಆದ್ಮೇಲೆ ಒಂದು ಜೋಂಪು ಹತ್ತುತ್ತೆ ಈಗ ಅವರಿಗೆ. ತುಂಬಿದ ಲಾರಿ ಬಂದ್ರೆ ಮಂಚ ನಡುಗುತ್ತೆ, ತೊಟ್ಟಿಲು ತೂಗಿದ ಹಾಗಿದೆ ಅಂತಾರೆ. ನಿನಗೆ ಹೇಳು ಅಂದ್ರು," ಎಂದಳು.

ಅಂಗಿಗಳೆಲ್ಲ ಮುಗಿಯುವವರೆಗೂ ಅಕ್ಕ ಹೋಗಲಿಲ್ಲ.

ಮುಂದಿನ ಚುನಾವಣೆಯಲ್ಲಿ ಟೈಲರಮ್ಮ ನಿಲ್ಲುವುದಿಲ್ಲ ಎಂದಿದ್ದಳು. ಗಂಡ, "ಓಡಿಹೋದ್ಲು ಅಂತಾರೆ. ನಿಂತು ಸೋಲು, ಅದರಲ್ಲೊಂದು ಮರ್ಯಾದೆ ಇದೆ," ಎಂದ. ನಿಂತಳು, ಚೆನ್ನಾಗಿಯೇ ಸೋತಳು. ಗೆದ್ದವನು ಗಿರಣಿಯವನು. ಎರಡೂ ರಸ್ತೆಗಳಲ್ಲಿ ಒಂದೂ ಲಾರಿ ಇರುವುದಿಲ್ಲ ಎಂದು ಅವನು ಮಾತು ಕೊಟ್ಟಿದ್ದ. ಆತ ಗೆದ್ದು ಎಷ್ಟೋ ಕಾಲವಾಯಿತು. ಇಂಜಿನಿಯರನ ಮೇಜಿನ ಮುಂದೆ ನಕ್ಷೆ ನೋಡುತ್ತ ಕುಳಿತು ಅವನಿಗೂ ಎದೆಯುರಿ ಶುರುವಾಗಿದೆಯೆಂದು ಕೇಳಿಬಂತು. ತಿರುವಿನ ಫಲಕವೂ ಅದರ ಕೆಳಗಿನ ತುಂಡು ತಗಡೂ ಇಂದಿಗೂ ಅಲ್ಲೇ ಇವೆ.

ಫಲಿತಾಂಶ ಬಂದ ದಿನ ಟೈಲರಮ್ಮ ಎಣಿಕೆ ಕೇಂದ್ರದಿಂದ ನೇರ ಅಂಗಡಿಗೆ ಬಂದಳು. ಶಾಲೆ ತೆರೆಯುವ ಸಮಯ. ದೂರದ ಬಡಾವಣೆಯ ಶಾಲೆಯೊಂದರ ಸಮವಸ್ತ್ರದ ಕೆಲಸ ಹೇಗೋ ಸಿಕ್ಕಿತ್ತು. ನೀಲಿ ಚಡ್ಡಿಗಳ ರಾಶಿ ಮೇಜಿನ ಮೇಲೆ ಎದೆಮಟ್ಟ ಬಿದ್ದಿತ್ತು. ಸೋತದ್ದಕ್ಕೆ ದುಃಖವಾಗಬಹುದು ಎಂದು ಸ್ವಲ್ಪ ಹೊತ್ತು ಕಾದು ನೋಡಿದಳು. ದುಃಖ ಬರಲಿಲ್ಲ, ಆಕಳಿಕೆ ಬಂತು. ಮಿಷನ್ನಿನ ಮೇಲೆ ತಲೆ ಇಟ್ಟು ಹಾಗೇ ಒಂದು ನಿದ್ದೆ ತೆಗೆದಳು.

ಎಚ್ಚರವಾದಾಗ ಅಕ್ಕ ಮುಕ್ಕಾಲಿಯ ಮೇಲೆ ಕುಳಿತಿದ್ದಳು. ಯಾವಾಗ ಬಂದಳೋ ತಿಳಿಯದು. ರಾಶಿಯಿಂದ ತಂಗಿ ಅಂಚು ಮಡಿಸಿಟ್ಟ ಒಂದು ಚಡ್ಡಿ ಎಳೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸಲು ಹೆಣಗುತ್ತಿದ್ದಳು.

"ಎದ್ದೆಯಾ? ತಗೋ, ಇದಕ್ಕೆ ದಾರ ಹಾಕು. ಕಣ್ಣು ಕಾಣಲ್ಲ ನನಗೆ," ಎಂದಳು.

ತಂಗಿ ದಾರದ ತುದಿಯನ್ನು ಎಂಜಲಲ್ಲಿ ತೇವ ಮಾಡಿ ಪೋಣಿಸಿ ಕೊಟ್ಟಳು. ಅಕ್ಕ ಮೊದಲ ಹೊಲಿಗೆ ಹಾಕಿ ಎಳೆದು, "ನೀನು ಮಡಿಸಿದ ಅಂಚು ಸೊಟ್ಟಗಿದೆ," ಎಂದಳು. ಅದನ್ನು ಬಿಚ್ಚಿ ಮತ್ತೆ ಮಡಿಸತೊಡಗಿದಳು.